ಚೆಂಡು ನಿಂತ ಜಾಗ

ಕ್ಯಾಪ್ಟನ್ ಅವರ ಎರಡು ಕೈಗಳೂ ಒಬ್ಬನೇ ಮನುಷ್ಯನವು ಎಂದು ನಂಬುವುದು ಕಷ್ಟವಾಗಿತ್ತು. ಬಲಗೈ ಬಿಸಿಲಿಗೆ ಸುಟ್ಟು ಕಾವಲಿಯ ಬಣ್ಣಕ್ಕೆ ತಿರುಗಿತ್ತು. ಎಡಗೈ ಮಾತ್ರ ಮಣಿಕಟ್ಟಿನವರೆಗೆ ಬೆಳ್ಳಗೆ, ಆಗಷ್ಟೇ ಬ್ಯಾಂಡೇಜು ಬಿಚ್ಚಿದ ಹಾಗೆ. ಮದುವೆ ಮನೆಯಲ್ಲಿ ಊಟಕ್ಕೆ ಕೂತರೆ ಪಕ್ಕದವರು ಆ ಕೈ ನೋಡಿ, ತೊನ್ನೋ ಏನೋ ಅಂತ ಸ್ವಲ್ಪ ಆಚೆ ಸರಿಯುತ್ತಿದ್ದರು. "ಗಾಬರಿ ಬೇಡ, ಇದು ಅಂಟೋದಲ್ಲ. ಗಾಲ್ಫ್ ಆಡೋರು ಈ ಕೈಗೆ ಗ್ಲೌಸು ಹಾಕ್ತೀವಿ," ಅನ್ನುತ್ತಿದ್ದರು. ತೊನ್ನೂ ಅಂಟುವುದಿಲ್ಲ ಎಂದು ನಾನೊಮ್ಮೆ ತಿದ್ದಿದೆ. "ಆಯ್ತು ಲಾಯರಮ್ಮ. ಅದು ಅಂಟಲ್ಲ, ಗಾಲ್ಫೇ ಅಂಟೋದು," ಅಂದರು.

ಭದ್ರಾವತಿಯ ನ್ಯೂಟೌನಿನಲ್ಲಿ ಅವರದು ನಮ್ಮ ಎದುರು ಮನೆ. ಕಾರ್ಖಾನೆಯಲ್ಲಿ ಫೋರ್‌ಮನ್ ಆಗಿ ನಿವೃತ್ತರಾದವರು. ಕಾರ್ಖಾನೆಯ ಗಾಲ್ಫ್ ಮೈದಾನ ಒಂದು ಕಾಲಕ್ಕೆ ಆಫೀಸರುಗಳದ್ದು. ಆಫೀಸರುಗಳು ಕಡಿಮೆಯಾಗುತ್ತ ಬಂದಾಗ, ಯಾರಾದರೂ ಬಂದರೆ ಸಾಕು ಅನ್ನುವ ಸ್ಥಿತಿಗೆ ಕ್ಲಬ್ಬು ಬಂತು; ಇವರು ಸೇರಿದರು. ಪ್ರತಿ ಬುಧವಾರ ಸಂಜೆ ಗಂಡಸರ ಆಟ. ಬಿಸಿಲು ಇಳಿದ ಮೇಲೆ ಶುರು. ಕತ್ತಲಾದರೆ ವರಾಂಡದಲ್ಲಿ ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ, ಜೊತೆಗೆ ಯಾರ ಹೊಡೆತ ಯಾಕೆ ಕೆಟ್ಟಿತು ಅನ್ನುವ ವಿಚಾರಣೆ. ಆ ಬುಧವಾರಗಳಿಗೆ ಇವರು ಕ್ಯಾಪ್ಟನ್. ಆಟ ಸಾಧಾರಣ, ಕ್ಯಾಪ್ಟನ್‌ಗಿರಿ ಮಾತ್ರ ಬಿಗಿ. ಕಡಿಮೆ ಹೊಡೆತದಲ್ಲಿ ಚೆಂಡನ್ನು ಗುಳಿಗೆ ಹಾಕಿದವರು ಗೆದ್ದ ಹಾಗೆ; ಒಂದು ಹೊಡೆತ ಮುಚ್ಚಿಟ್ಟು ಲೆಕ್ಕ ಹೇಳಿದವರಿಗೆ ಆ ದಿನ ಬಜ್ಜಿ ಇಲ್ಲ. ಇದು ಅವರೇ ಮಾಡಿದ ಕಾನೂನು.

ನಾನು ಆಗ ಶಿವಮೊಗ್ಗದಲ್ಲಿ ಕಾನೂನು ಓದುತ್ತಿದ್ದೆ. ಚರ್ಚಾಸ್ಪರ್ಧೆಯಲ್ಲಿ ಪರ ಕೊಟ್ಟರೂ ವಿರೋಧ ಕೊಟ್ಟರೂ ಗೆದ್ದು ಬರುವ ಅಭ್ಯಾಸ. ಗೇಟಿನ ಹತ್ತಿರ ಕ್ಯಾಪ್ಟನ್ ಸಿಕ್ಕರೆ ಬಿಡುತ್ತಿರಲಿಲ್ಲ.

"ಅಷ್ಟು ದೊಡ್ಡ ಜಾಗದಲ್ಲಿ ಎಂಟು ಜನ ಕೋಲು ಹಿಡ್ಕೊಂಡು ಬಾಲಿನ ಹಿಂದೆ ನಡೀತೀರಲ್ಲ ಅಂಕಲ್. ಒಂದು ನಾಯಿ ಸಾಕಿದ್ರೂ ಇಷ್ಟೇ ವಾಕಿಂಗ್ ಆಗ್ತಿತ್ತು."

"ನಾಯಿ ಕರೆದ್ರೆ ಬರತ್ತೆ. ಬಾಲು ಬರಲ್ಲ, ಅದು ಇರೋ ಕಡೆ ನಾವೇ ಹೋಗ್ಬೇಕು."

"ಅಂಪೈರ್ ಇಲ್ಲ, ಅವರವರ ಲೆಕ್ಕ ಅವರೇ ಹೇಳೋದು. ಎಲ್ಲರೂ ಸುಳ್ಳು ಹೇಳ್ತಿರ್ತಾರೆ."

"ಒಂದು ಬುಧವಾರ ಬಂದು ಹಿಡಿದು ತೋರ್ಸು ಮಾರಾಯ್ತಿ."

ಹೋಗುವ ಸಂದರ್ಭ ಬಂದದ್ದು ಬೇರೆ ಕಾರಣಕ್ಕೆ. ಅವರ ಕಣ್ಣಿನ ನರ ಸೋಲುತ್ತ ಬಂದಿತ್ತು. ದೊಡ್ಡದು ಕಾಣುತ್ತಿತ್ತು, ಚಿಕ್ಕದು ಕಾಣುತ್ತಿರಲಿಲ್ಲ. ಸ್ಕೂಟರ್ ಮುಟ್ಟಬೇಡಿ ಎಂದು ಡಾಕ್ಟರು ಹೇಳಿದ ಮೇಲೆ ಅವರ ಹೆಂಡತಿ, ನಮ್ಮ ಆಂಟಿ, ನನ್ನನ್ನು ಕೇಳಿದರು. "ಬುಧವಾರ ಒಂದಿನ ನಿನ್ನ ಗಾಡೀಲಿ ಕರ್ಕೊಂಡ್ ಹೋಗಿ ಕರ್ಕೊಂಡ್ ಬಾರೆ. ಆ ಆಟ ಬಿಡ್ಸಿದ್ರೆ ಈ ಮನುಷ್ಯ ಊಟಾನೂ ಬಿಡ್ತಾರೆ."

ಕ್ಲಬ್ಬಿನ ಗೋಡೆಯ ಮೇಲೆ 'ಬುಧವಾರ ಗಂಡಸರ ಆಟ' ಎಂಬ ಬೋರ್ಡಿತ್ತು. ಅದರ ವಿರುದ್ಧ ನಾನು ವಾದ ಸಿದ್ಧ ಮಾಡಿಕೊಂಡೇ ಹೋಗಿದ್ದೆ. "ಆಡೋದು ಗಂಡಸರು ಅಂತ ಇದೆ. ನೋಡೋರ ಬಗ್ಗೆ ಏನೂ ಬರ್ದಿಲ್ಲ, ಬಾ," ಅಂತ ಕ್ಯಾಪ್ಟನ್ ಒಳಗೆ ಕರೆದುಕೊಂಡರು. ಬೋರ್ಡು ಈಗಲೂ ಇದೆ. ನನ್ನ ತಕರಾರೂ ಇದೆ.

ಟಿವಿಯಲ್ಲಿ ಕಾಣುವ ಹಸಿರು ಹಾಸು ಅಲ್ಲಿಲ್ಲ. ಗುಳಿಯ ಸುತ್ತ ಇರುವುದು ಹಳೇ ಎಣ್ಣೆ ಬೆರೆಸಿದ ಮರಳು. ಹಲಗೆ ಎಳೆದು ಅದನ್ನು ಸಮ ಮಾಡಿರುತ್ತಾರೆ. ಚೆಂಡು ಉರುಳಿದಲ್ಲಿ ತೆಳುವಾದ ಗೆರೆ ಬೀಳುತ್ತದೆ, ಕಾಲಿಟ್ಟಲ್ಲಿ ಹೆಜ್ಜೆ ಮೂಡುತ್ತದೆ. ಆಡಿ ಮುಗಿಸಿದವರು ಗುರುತನ್ನೆಲ್ಲ ಹಲಗೆಯಿಂದ ಅಳಿಸಿ ಮುಂದಿನ ಗುಳಿಗೆ ಹೋಗಬೇಕು.

ಕ್ಯಾಪ್ಟನ್ ಜೊತೆ ಆಡುತ್ತಿದ್ದವರು ಶಿವಮೊಗ್ಗದ ಒಬ್ಬ ಅಡಿಕೆ ಮಂಡಿ ಸಾಹುಕಾರರು. ದೊಡ್ಡ ದೇಹ, ಮೆತ್ತನೆ ಮಾತು. ನಾನು ಹೋಗತೊಡಗಿದ ಹೊಸತರಲ್ಲಿ ಒಂದು ಸಂಜೆ, ಕ್ಯಾಪ್ಟನ್ ಮರಳಿನ ಅಂಚಿನಿಂದ ಚೆಂಡನ್ನು ಗುಳಿಯ ಕಡೆ ಹೊಡೆದರು. ಅದು ನಿಂತಿತೋ ಹೋಯಿತೋ ಅವರಿಗೆ ಕಾಣುವ ಹಾಗಿರಲಿಲ್ಲ. ಸಾಹುಕಾರರು ಗುಳಿಯ ಹತ್ತಿರ ಹೋಗಿ, ಬಗ್ಗಿ, "ಒಳಗೆ ಹೋಯ್ತು ಕ್ಯಾಪ್ಟನ್," ಅಂದರು. ಕ್ಯಾಪ್ಟನ್ ಮುಖ ಅರಳಿತು.

ನಾನು ಮರಳು ನೋಡಿದೆ. ಚೆಂಡಿನ ಗೆರೆ ಗುಳಿಗೆ ಒಂದು ಗೇಣು ಹಿಂದೆಯೇ ಮುಗಿದಿತ್ತು. ಅಲ್ಲಿಂದ ಮುಂದೆ ಬೂಟಿನ ತುದಿ ತಳ್ಳಿದ ಗುರುತು.

"ಹೋಗ್ಲಿಲ್ಲ," ಅಂದೆ.

ಸಾಹುಕಾರರು ನನ್ನತ್ತ ಕಣ್ಸನ್ನೆ ಮಾಡಿದರು. ಉಳಿದವರು ಮೋಡ ನೋಡತೊಡಗಿದರು. ಎಲ್ಲರಿಗೂ ಗೊತ್ತಿತ್ತು ಅಂತ ನನಗೆ ಅರ್ಥವಾದದ್ದು ಆಗ.

"ಏನಂದೆ?" ಅಂತ ಕ್ಯಾಪ್ಟನ್ ಕೇಳಿದರು.

"ಬಾಲು ಒಂದು ಗೇಣು ಹಿಂದೆ ನಿಂತಿತ್ತು ಅಂಕಲ್. ಇವರು ಕಾಲಲ್ಲಿ ತಳ್ಳಿದ್ರು."

"ಸಾಕ್ಷಿ?"

"ಕೆಳಗೇ ಇದೆ. ಮುಟ್ಟಿ ನೋಡಿ."

ಅವರು ಗ್ಲೌಸು ಬಿಚ್ಚಿ ಕುಕ್ಕರಗಾಲಲ್ಲಿ ಕೂತರು. ಆ ಬಿಳಿ ಬೆರಳು ಗೆರೆ ಹಿಡಿದು ನಿಧಾನಕ್ಕೆ ಹೋಯಿತು. ಗೆರೆ ನಿಂತಲ್ಲಿ ಬೆರಳೂ ನಿಂತಿತು. ಬೂಟಿನ ಗುರುತನ್ನು ಒಮ್ಮೆ ಸವರಿದರು, ಇನ್ನೊಮ್ಮೆ ಸವರಿದರು.

"ಪೊದೆಗೆ ಹೋದ ಬಾಲೂ ಹೀಗೇ ಆಚೆ ಬರ್ತಿತ್ತಾ ಸಾಹುಕಾರ್ರೇ?"

"ನಿಮಗೆ ಖುಷಿಯಾಗ್ಲಿ ಅಂತ, ಕ್ಯಾಪ್ಟನ್."

ಕ್ಯಾಪ್ಟನ್ ಎದ್ದರು. ಹಲಗೆ ತಂದು ಮರಳು ಸಮ ಮಾಡಿ, "ಮನೆಗೆ ಹೋಗೋಣ," ಅಂದರು. ವರಾಂಡದಲ್ಲಿ ಬಜ್ಜಿ ಬೇಯುತ್ತಿತ್ತು. ತಮ್ಮ ಕಾನೂನು ತಮಗೇ ಅನ್ವಯಿಸಿಕೊಂಡು, ತಿನ್ನದೆ ಹೊರಟರು. ನಾನು ಗಾಡಿ ತೆಗೆಯುವಾಗ ಸಾಹುಕಾರರು ಹತ್ತಿರ ಬಂದರು. "ಗೆದ್ದೆಯಲ್ಲಮ್ಮ. ಇನ್ನು ಅವರು ಬರಲ್ಲ, ನೋಡ್ತಿರು."

ಮುಂದಿನ ಬುಧವಾರ ಅವರು ಹೊರಡಲಿಲ್ಲ. ಗಾಲ್ಫ್ ಚೀಲ ಜಗುಲಿಯಲ್ಲಿ ಗೋಡೆಗೆ ಒರಗಿಕೊಂಡೇ ಇತ್ತು. ನನ್ನ ವಾದದಲ್ಲಿ ತಪ್ಪು ಹುಡುಕಿದೆ, ಸಿಗಲಿಲ್ಲ. ಆದರೂ ದಿನಾ ಗೇಟಿನಲ್ಲಿ ನಿಂತು ಆ ಚೀಲವನ್ನೇ ನೋಡುತ್ತಿದ್ದೆ.

ಅದರ ಮುಂದಿನ ಬುಧವಾರ ಅವರೇ ಚೀಲ ಹೆಗಲಿಗೇರಿಸಿಕೊಂಡು ನಮ್ಮ ಗೇಟಿಗೆ ಬಂದರು.

"ಹೊರಡು."

"ಬೇಜಾರಾಗಿಲ್ವಾ ಅಂಕಲ್?"

"ಆಗಿದೆ. ಅಲ್ಲಿರೋರಲ್ಲಿ ನನ್ನ ಬಾಲು ಕೆಟ್ಟ ಜಾಗದಲ್ಲಿದೆ ಅನ್ನೋರು ಒಬ್ಬರೂ ಇಲ್ಲ. ನೀನು ಅಂತೀಯ. ಇನ್ನು ನೋಡೋದು ನೀನು, ಹೊಡಿಯೋದು ನಾನು."

ಹಾಗೆ ನಾನು ಅವರ ಬುಧವಾರದ ಕಣ್ಣಾದೆ. ಮೊದಮೊದಲು ನನಗೆ ಆ ಕೆಲಸ ಬರುತ್ತಿರಲಿಲ್ಲ. "ತಲೆ ಎತ್ತಿಬಿಟ್ರಿ, ಅದಕ್ಕೇ ಹಾಳಾಯ್ತು, ಬೇಲಿ ಹತ್ತಿರ ಪೊದೆಗೆ ಹೋಗಿದೆ," ಅಂದೆ ಒಂದು ಸಲ. ಅವರು ಕೋಲು ಊರಿ ನಿಂತರು. "ತೀರ್ಪು ಕೇಳ್ಲಿಲ್ಲ ಮಾರಾಯ್ತಿ. ಜಾಗ ಕೇಳ್ದೆ."

ಜಾಗವಷ್ಟೇ ಹೇಳುವುದನ್ನು ಕಲಿಯಲು ನನಗೆ ಒಂದು ಮಳೆಗಾಲ ಪೂರ್ತಿ ಹಿಡಿಯಿತು. ಎಡಕ್ಕೆ, ಬೇಲಿ ಪಕ್ಕ, ಪೊದೆಯೊಳಗೆ. ಅಷ್ಟೇ. ಅಯ್ಯೋ ಅನ್ನುವ ಹಾಗಿಲ್ಲ, ಪರವಾಗಿಲ್ಲ ಅನ್ನುವ ಹಾಗೂ ಇಲ್ಲ. ಅವರ ಲೆಕ್ಕ ಕೆಡುತ್ತ ಹೋಗಿ ಪ್ರತಿ ವಾರ ಎಲ್ಲರಿಗಿಂತ ಕೊನೆಯವರಾದರು. ವರಾಂಡದಲ್ಲಿ ಎಲ್ಲರಿಗಿಂತ ಹೆಚ್ಚು ಬಜ್ಜಿ ತಿಂದು, ಎಲ್ಲರಿಗಿಂತ ಹೆಚ್ಚು ಬಡಾಯಿ ಕೊಚ್ಚಿಕೊಂಡವರೂ ಅವರೇ. ಈಗ ನಾನು ಶಿವಮೊಗ್ಗದಲ್ಲಿ ಒಬ್ಬ ಹಿರಿಯ ವಕೀಲರ ಕೈಕೆಳಗೆ ಕೆಲಸ ಮಾಡುತ್ತೇನೆ. ಸಾಕ್ಷಿ ಏನು ಹೇಳಿದ ಎಂದು ಅವರು ಕೇಳಿದಾಗ, ಅವನು ಎಂಥವನು ಎಂದು ಹೇಳಲು ನಾಲಿಗೆ ತುರಿಸುತ್ತದೆ. ಕೋಲು ಊರಿ ನಿಂತ ಕ್ಯಾಪ್ಟನ್ ನೆನಪಾಗಿ, ಅವನು ಹೇಳಿದ್ದಷ್ಟನ್ನೇ ಹೇಳುತ್ತೇನೆ.

ಕ್ಯಾಪ್ಟನ್ ಅವರ ಕೊನೆಯ ಬುಧವಾರ ಕೊನೆಯದೆಂದು ಯಾರಿಗೂ ಗೊತ್ತಿರಲಿಲ್ಲ. ಮರಳಿನ ಅಂಚಿನಿಂದ ಕೊನೆಯ ಗುಳಿಗೆ ಹೊಡೆದು, "ಎಲ್ಲಿದೆ?" ಅಂತ ಕೇಳಿದರು.

"ನೇರಕ್ಕೆ. ಒಂದು ಗೇಣು ಹಿಂದೆ."

ಸಾಹುಕಾರರು ಎರಡೂ ಕೈ ಬೆನ್ನಿಗೆ ಕಟ್ಟಿಕೊಂಡು ದೂರ ನಿಂತಿದ್ದರು. "ಹಾಗಾದ್ರೆ ಇನ್ನೊಂದಿದೆ," ಅಂತ ಕ್ಯಾಪ್ಟನ್ ಮೆಲ್ಲಗೆ ಹೊಡೆದರು. ಚೆಂಡು ಗುಳಿಗೆ ಬಿದ್ದ ಸದ್ದು ಅವರಿಗೇ ಕೇಳಿಸಿತು. ನಾನು ಹೇಳಬೇಕಾಗಲಿಲ್ಲ.

ಶನಿವಾರ ಬೆಳಿಗ್ಗೆ ಅವರು ಏಳಲಿಲ್ಲ. ಮಲಗಿಸಿದ್ದಾಗ ಎರಡು ಕೈಗಳನ್ನೂ ಎದೆಯ ಮೇಲೆ ಜೋಡಿಸಿದ್ದರು, ಒಂದು ಬಿಳಿ, ಒಂದು ಕಪ್ಪು.

ಕಾರ್ಯಗಳೆಲ್ಲ ಮುಗಿದ ಮೇಲೆ ಒಂದು ಸಂಜೆ ನಾನೂ ಸಾಹುಕಾರರೂ ಆಂಟಿಯ ಎದುರು ಕೂತಿದ್ದೆವು. ಆಂಟಿ ಕೇಳಿದರು: "ಆ ಬುಧವಾರ ಮನೆಗೆ ಬಂದವರೇ, ಕೊನೇದು ಒಂದೇ ಏಟಿಗೆ ಒಳಗೆ ಹೋಯ್ತು ಕಣೆ ಅಂದ್ರು. ಹೋಗಿತ್ತಾ?"

"ಹೋಗಿತ್ತು ಅಕ್ಕಾ. ನಾನೇ ಕಣ್ಣಾರೆ ನೋಡ್ದೆ," ಅಂದರು ಸಾಹುಕಾರರು.

ಆಂಟಿ ನನ್ನ ಕಡೆ ತಿರುಗಿದರು. ಬುಧವಾರವಿಡೀ ನಿಜ ಬೇಕೆನ್ನುತ್ತಿದ್ದ ಮನುಷ್ಯ ಮನೆಗೆ ಬಂದು ಸುಳ್ಳು ಹೇಳಿದ್ದರು. ಆದರೆ ಅದು ತೀರ್ಪು. ಆಂಟಿ ಕೇಳಿದ್ದು ಜಾಗ.

"ಒಂದು ಗೇಣು ಹಿಂದೆ ನಿಂತಿತ್ತು ಆಂಟಿ. ಎರಡನೇದಕ್ಕೆ ಹೋಯ್ತು."

ಆಂಟಿ ನಕ್ಕರು. ಕ್ಯಾಪ್ಟನ್ ಹೋದ ಮೇಲೆ ಆಂಟಿ ನಕ್ಕದ್ದನ್ನು ನಾನು ನೋಡಿದ್ದು ಅದೇ ಮೊದಲು. "ನಂಗೊತ್ತಿತ್ತು. ಅಷ್ಟು ಸಲೀಸಾಗಿ ಎಲ್ಲಿ ಹೋಗ್ತಿತ್ತು ಅವರದ್ದು," ಅಂದು, ಸೆರಗಿನಿಂದ ಕಣ್ಣೊರೆಸಿಕೊಂಡು, ಒಲೆ ಹಚ್ಚಲು ಎದ್ದರು. ಅಡುಗೆಮನೆ ಬಾಗಿಲಲ್ಲಿ ನಿಂತು ತಿರುಗಿ ನೋಡಿದರು.

"ಸಾಹುಕಾರ್ರೇ, ನಿಮಗೆ ಇವತ್ತು ಬಜ್ಜಿ ಇಲ್ಲ."