ಖಾನಾಪುರದಲ್ಲಿ ಏಳದ ಗೆರೆ

ಅನಗೋಳದ ಓಣಿಯಲ್ಲಿ ಒಂದು ಕಾಲಕ್ಕೆ ತವನಪ್ಪನನ್ನು ಕೂಗದ ಮನೆಯೇ ಇರಲಿಲ್ಲ. ಕೇಬಲ್ ಟಿವಿ ಅವನದು. ಚಿತ್ರ ಹೋಯಿತೆಂದರೆ ಎಲ್ಲರೂ ಅವನ ಬಾಗಿಲಿಗೇ ಬರುತ್ತಿದ್ದರು. ಜನ ಮೊಬೈಲಿನಲ್ಲೇ ಎಲ್ಲವನ್ನೂ ನೋಡತೊಡಗಿದ ಮೇಲೆ ಕೂಗುವವರು ಇಲ್ಲವಾದರು. ಮಾಳಿಗೆಯ ಮೇಲೆ ಎರಡು ದೊಡ್ಡ ಡಿಶ್‌ಗಳು ಉಳಿದವು, ಕೆಳಗೆ ಲಗ್ನವಾಗದ ತವನಪ್ಪ ಉಳಿದ. ಒಂದು ಡಿಶ್ಶಿನ ಮುಖವನ್ನು ನೆತ್ತಿಯ ಆಕಾಶಕ್ಕೆ ತಿರುಗಿಸಿ ಲ್ಯಾಪ್‌ಟಾಪಿಗೆ ಜೋಡಿಸಿದ. ಬೇರೆ ಲೋಕದಲ್ಲಿ ಯಾರಾದರೂ ಇದ್ದರೆ ಅವರ ರೇಡಿಯೊ ಸದ್ದು ಬಂದೀತೆಂದು ಕಾಯತೊಡಗಿದ.

ಈ ಚಳಿಗಾಲದಲ್ಲಿ ಅದು ಬಂತು. ದಿನಾಲೂ ಹೊತ್ತು ಮುಳುಗುವ ಮುಂಚೆ ಪರದೆಯ ಮೇಲೆ ಸಣ್ಣದೊಂದು ಗೆರೆ ಏಳುತ್ತಿತ್ತು. ಇಂಥದೇ ಹವ್ಯಾಸದವರ ವಾಟ್ಸಾಪ್ ಗುಂಪಿಗೆ ಬರೆದ. ಇನ್ನೊಂದು ಊರಿನಲ್ಲೂ ಅದೇ ಹೊತ್ತಿಗೆ ಕಂಡರೆ ನಂಬಬಹುದು, ಇಲ್ಲದಿದ್ದರೆ ಅದು ನಿಮ್ಮ ಓಣಿಯ ಸದ್ದು ಎಂದು ಉತ್ತರ ಬಂತು.

ಅವನಿಗೆ ಇನ್ನೊಂದು ಊರೆಂದರೆ ಖಾನಾಪುರ. ಅಕ್ಕ ಹೀರಾಬಾಯಿ ಅಲ್ಲಿ ಒಬ್ಬಳೇ ಇದ್ದಳು. ಎರಡನೆಯ ಡಿಶ್ಶನ್ನೂ ಒಂದು ಹಳೆಯ ಲ್ಯಾಪ್‌ಟಾಪನ್ನೂ ಟೆಂಪೋದಲ್ಲಿ ಹಾಕಿಕೊಂಡು ಹೋಗಿ ಅವಳ ಮನೆಯಲ್ಲಿ ಜೋಡಿಸಿದ.

“ಈ ಲೋಕದಾಗ ಒಂದ ಹೆಣ್ಣ ನೋಡಲಿಲ್ಲ. ಆ ಲೋಕದಾಗ ಬೀಗರನ್ನ ಹುಡಕಾಕ ಹತ್ತಿಯೇನೋ?” ಅಂದಳು ಅಕ್ಕ.

“ನಗಬ್ಯಾಡ ಅಕ್ಕಾ. ಹೊತ್ತು ಮುಳುಗೂ ಮುಂದ ಇದರಾಗ ಗೆರಿ ಎದ್ರ ಫೋನ್ ಮಾಡು, ಸಾಕು.”

ಮರುದಿನವೇ ಫೋನ್ ಬಂತು. “ಬಂತು ನೋಡಪಾ ನಿನ್ನ ಗೆರಿ.”

“ಖರೇ?”

“ಖರೇನ.”

ತವನಪ್ಪ ಕೂಡಲೇ ಗುಂಪಿಗೆ ತಿಳಿಸಿದ. ಎಂದೂ ಮಾತನಾಡಿಸದವರು ಅವನ ಹೆಸರು ಕೇಳಿದರು, ಊರು ಕೇಳಿದರು, ಖಾನಾಪುರದ ದಾಖಲೆಯನ್ನೂ ಕೇಳಿದರು. ರವಿವಾರ ಬಸ್ಸು ಹತ್ತಿದ.

ಅಕ್ಕನ ಮನೆಯ ಲ್ಯಾಪ್‌ಟಾಪು ತಾನಾಗಿಯೇ ಎಲ್ಲವನ್ನೂ ಉಳಿಸಿಕೊಂಡಿತ್ತು. ಅಕ್ಕ ಫೋನ್ ಮಾಡಿದ ಸಂಜೆಯದನ್ನು ತೆರೆದ. ಗೆರೆ ಇರಲಿಲ್ಲ. ಉಳಿದ ಸಂಜೆಗಳಲ್ಲೂ ಇರಲಿಲ್ಲ.

“ಅಕ್ಕಾ, ನೀ ಕಣ್ಣಾರೆ ನೋಡಿದ್ದೇನು?”

ಹೀರಾಬಾಯಿ ರೊಟ್ಟಿ ಬಡಿಯುವುದನ್ನು ನಿಲ್ಲಿಸಿದಳು. “ಹೊತ್ತು ಮುಳುಗೂದ್ರಾಗ ಊಟಾ ಮುಗೀಬೇಕಲ್ಲೋ. ನಾ ಒಳಗ ಉಣ್ಣಾಕ ಕುಂತಿದ್ದೆ. ಅಲ್ಲಿ ದಿನಾ ಬರತೈತಿ ಅಂದಿದ್ದಿ, ಇಲ್ಲೂ ಬಂದಿರತೈತಿ ಅಂದ್ಕೊಂಡೆ. ಫೋನ್ ಮಾಡಾಕ ಒಂದ ನೆವಾನೂ ಆತು.”

ಜೈನರ ಮನೆಯಲ್ಲಿ ಹುಟ್ಟಿದವನಿಗೆ ಇದು ಮೊದಲೇ ಹೊಳೆಯಬೇಕಿತ್ತು. ಒಬ್ಬನೇ ಆದ ಮೇಲೆ ಅವನು ಹಸಿದಾಗ ಉಣ್ಣುತ್ತಿದ್ದ. ಬೆಳಕಿರುವಾಗಲೇ ಊಟಕ್ಕೆ ಕರೆಯುವ ಮನೆಯೊಂದಿದೆ ಎಂಬುದೇ ಮರೆತುಹೋಗಿತ್ತು.

ಅಲ್ಲೇ ಕುಳಿತು ಗುಂಪಿಗೆ ಬರೆದ: ‘ಖಾನಾಪುರದಲ್ಲಿ ಗೆರೆ ಎದ್ದಿಲ್ಲ. ಪರೀಕ್ಷಿಸದೆ ತಿಳಿಸಿದ್ದು ನನ್ನ ತಪ್ಪು. ಅದು ನಮ್ಮ ಓಣಿಯ ಸದ್ದೇ ಇರಬೇಕು.’ ಎಲ್ಲರೂ ಓದಿದರು. ಯಾರೂ ಉತ್ತರಿಸಲಿಲ್ಲ.

“ಹಂಗಾರ ಡಿಶ್ ಬಿಚ್ಚಿ ಒಯ್ಯತೀಯೇನು?” ತಾಟು ಇಡುತ್ತಾ ಅಕ್ಕ ಕೇಳಿದಳು.

ತವನಪ್ಪ ತಾಟನ್ನು ಹತ್ತಿರ ಎಳೆದುಕೊಂಡ.

“ಇರಲಿ,” ಅಂದ. “ಊಟಾ ಆದಮ್ಯಾಲ ನೋಡಿ ಫೋನ್ ಮಾಡು. ಬಂದಿಲ್ಲಂದ್ರ ಬಂದಿಲ್ಲ ಅಂತನ ಹೇಳು. ಆದ್ರ ದಿನಾ ಮಾಡು.”