ತಲೆದೆಸೆಯ ತಗಡು

ಅದಿರು ಲಾರಿಗಳು ಮರಿಯಮ್ಮನಹಳ್ಳಿ ರಸ್ತೆಯನ್ನು ಕೆಂಪು ಮಾಡಿದ್ದ ಕಾಲ. ಎಲ್ಲರ ಕೈಗೂ ಮೊಬೈಲ್ ಬಂತು, ನಮ್ಮ ಎದುರುಮನೆ ಮಾಳಿಗೆ ಮೇಲೆ ಟವರ್ ಬಂತು. ಅದರ ಹಿಂದೆಯೇ ನನ್ನ ಮಗಳು ಹೆರಿಗೆಗೆ ತವರಿಗೆ ಬಂದಳು. ಮೊದಲಿನ ಎರಡು ಬಸುರೂ ನಿಂತಿರಲಿಲ್ಲ.

ಟವರಿನಿಂದ ಬರೋದು ಕಣ್ಣಿಗೆ ಕಾಣಲ್ಲ, ಗಾಳಿಯಾಗ ಬರ್ತೈತಿ, ಗೋಡೆ ದಾಟ್ತೈತಿ ಅಂತ ಓಣಿಯವರು ಹೇಳಿದರು. ನನಗೆ ಗೊತ್ತಿದ್ದದ್ದು ಬಸುರಿಗೆ ಸೋಕೋ ಗಾಳಿ ಒಂದೇ. ಅದಕ್ಕೆ ನಮ್ಮಲ್ಲಿ ತಲೆದಿಂಬಿನ ಕೆಳಗೆ ಕುಡುಗೋಲು ಇಡ್ತೀವಿ, ಕಬ್ಬಿಣ ಇದ್ದಲ್ಲಿ ಗಾಳಿ ಸುಳಿಯಲ್ಲ ಅಂತ. ಅಷ್ಟೆತ್ತರದ ಟವರಿಗೆ ಕುಡುಗೋಲು ಯಾವ ಮೂಲೆಗೆ? ಹಿತ್ತಲಲ್ಲಿದ್ದ ದೊಡ್ಡ ತಗಡು ತಂದು ಮಗಳ ತಲೆದೆಸೆಯ ಗೋಡೆಗೆ ಮೊಳೆ ಹೊಡೆದೆ. ಎದುರಿಗೆ ಕಿಟಕಿ, ಕಿಟಕಿಯಾಚೆ ಟವರ್.

ಓಣಿಯವರ ಗಲಾಟೆಗೆ ಕಂಪನಿಯವನೊಬ್ಬ ಅಳೆಯೋ ಮೀಟರ್ ಹಿಡಕೊಂಡು ಮನೆಮನೆಗೆ ಬಂದ. ನಮ್ಮ ಪಡಸಾಲೆಯಲ್ಲಿ ಮುಳ್ಳು ಅಲುಗಲೇ ಇಲ್ಲ ಅನ್ನಬೇಕು. ಮಗಳ ಮಂಚದ ಹತ್ತಿರ ಹೋದ ಕೂಡಲೇ ಏರಿತು. ನಾಕು ಬೆರಳು ಸರಿಸಿದ, ಇಳಿಯಿತು. ಇನ್ನೂ ನಾಕು ಬೆರಳು, ಮತ್ತೆ ಏರಿತು.

"ಈ ತಗಡು ಯಾರು ಹೊಡದ್ರಿ ಅಮ್ಮಾ?" ಅಂದ.

ನಾನೇ ಅಂದೆ. ಅವನು ನಗಲಿಲ್ಲ. ಕಾಲುವೆ ನೆನಪು ಮಾಡಿಸಿದ. ತೆರೆ ಹೋಗಿ ಕಲ್ಲಿನ ಗೋಡೆಗೆ ಬಡಿದು ವಾಪಸ್ ಬರ್ತೈತಲ್ಲ, ಎದುರಿಗೆ ಬರೋ ತೆರೆ ಅದಕ್ಕೆ ಕೂಡಿದಲ್ಲಿ ನೀರು ಎತ್ತರ ಏಳ್ತೈತಿ, ಒಂದರ ಉಬ್ಬು ಇನ್ನೊಂದರ ತಗ್ಗಿಗೆ ಸಿಕ್ಕಲ್ಲಿ ನೀರು ಸುಮ್ಮನಾಗ್ತೈತಿ; ಟವರಿನ ತೆರೆಗೆ ನಿಮ್ಮ ತಗಡೇ ಆ ಗೋಡೆ ಅಂದ. ಏರಿದ್ದೂ ಮಿತಿಗಿಂತ ಭಾಳ ಕಡಿಮೆ ಐತಿ, ಅಂಜಬ್ಯಾಡ್ರಿ ಅಂತಲೂ ಹೇಳಿದ. ಅದು ನನ್ನ ಕಿವಿಗೆ ಹೋಗಲಿಲ್ಲ. ಕೂಸಿನ ತಲೆ ಮೇಲೆ ನಾನೇ ತೆರೆ ಎಬ್ಬಿಸಿದೆ ಅನ್ನೋದಷ್ಟೇ ಹೋಯಿತು.

ಹಂಗಾದ್ರೆ ಇಳಿದ ಜಾಗಕ್ಕೆ ಗುರುತು ಹಾಕು, ಅಲ್ಲೇ ಮಲಗಿಸ್ತೀನಿ ಅಂದೆ. ಜಾಗ ನಿಲ್ಲಲ್ಲ, ಬಾಗಿಲು ತೆಗೆದರೆ, ಯಾರಾದರೂ ಅಡ್ಡಾಡಿದರೆ ಅದೂ ಸರಿದಾಡ್ತೈತಿ ಅಂದ. ಆಗ ಇನ್ನೂ ಅಂಜಿದೆ. ದೆವ್ವಕ್ಕಾದರೂ ಒಂದು ಮರ ಅಂತ ಇರ್ತೈತಿ.

ಅವನು ಹೋದ ಮೇಲೆ ತಗಡು ಕಿತ್ತೆ. ಮಗಳ ಮಂಚ ಎಳಕೊಂಡು ಮೂಲೆ ಮೂಲೆ ತಿರುಗಿದೆ. ದಿನಾ ಕೇಳ್ತಿದ್ದೆ, ಕೂಸು ಮಿಸುಕಾಡ್ತೇನು, ಮಿಸುಕಾಡ್ತೇನು ಅಂತ.

"ಕೇಳಬ್ಯಾಡಬೇ ಯವ್ವಾ," ಅಂದಳು ಒಂದು ಬೆಳಿಗ್ಗೆ, ಮುಖ ಗೋಡೆ ಕಡೆ ಮಾಡಿಕೊಂಡು. "ನೀ ಕೇಳಿದಾಗೆಲ್ಲ ನನ್ನ ಎದಿ ಒಡೀತೈತಿ."

ಕೇಳೋದು ಬಿಟ್ಟೆ. ಒಲೆ ಮುಂದೆ ಕುಂತು ಅವಳ ಕೈ ನೋಡ್ತಿದ್ದೆ. ಅದು ಹೊಟ್ಟೆ ಮೇಲೆ ಹೋಗಿ ನಿಂತರೆ ಒಳಗೆ ಒದ್ದಿತು ಅಂತ ಅರ್ಥ, ಆಮೇಲೆ ರೊಟ್ಟಿ ಬಡೀತಿದ್ದೆ. ಹೋಗದಿದ್ದರೆ ಹಿಟ್ಟು ಕೈಯಾಗೇ ಒಣಗ್ತಿತ್ತು. ಕೂಸು ಹುಟ್ಟಿ ಅಳೋತನಕ ಹಿಂಗೇ ನಡೀತು.