ಬೂಟು ಹಾಕಿದ ಮಾವನ ದೇವದರ್ಶನ

ಸಕ್ಕರೆ ಕಾಯಿಲೆಗೆ ಮಾವನ ಕಾಲಿನ ಹೆಬ್ಬೆರಳು ಹೋದ ಮೇಲೆ ಡಾಕ್ಟರು ಕಟ್ಟುನಿಟ್ಟಾಗಿ ಹೇಳಿದರು: ಇನ್ನು ಬರಿಗಾಲಲ್ಲಿ ಒಂದು ಹೆಜ್ಜೆಯೂ ಇಡಕೂಡದು. ಮನೆಯೊಳಗೆ ಬೂಟು ಹಾಕಲು ಮಾವ ಹೇಗೋ ಒಪ್ಪಿದರು. ದೇವಸ್ಥಾನಕ್ಕೆ ಮಾತ್ರ ಜಪ್ಪಯ್ಯ ಅಂದರೂ ಒಪ್ಪಲಿಲ್ಲ. ಶನಿವಾರ ನಾವೆಲ್ಲ ಒಳಗೆ ಹೋದರೆ ಅವರು ಕಾರಿನಲ್ಲೇ ಕೂತು ಗೋಪುರಕ್ಕೆ ಕೈಮುಗಿಯುತ್ತಿದ್ದರು. ಅಮೆರಿಕದ ನಮ್ಮ ಮನೆಗೆ ಬರುವ ಮುಂಚೆ ಬಾಗಲಕೋಟೆಯಲ್ಲಿ ದೇವರ ಮುಖ ನೋಡದೆ ಚಹಾ ಕುಡಿದವರಲ್ಲ. ಕೋವಿಡ್ ಮುಗಿದು ಗುಡಿ ತೆರೆದಿದ್ದರೂ ಅವರ ಪಾಲಿಗೆ ಮುಚ್ಚಿಯೇ ಇತ್ತು. ಬರಬರುತ್ತ ಮಾತೂ ಕಮ್ಮಿಯಾಯಿತು.

ಕೈಕಟ್ಟಿ ಕೂರುವ ಜಾಯಮಾನ ನನ್ನದಲ್ಲ. ಬೂಟು ಹಾಕಿಕೊಂಡೇ ಹೋಗುವ ದೇವರ ಮನೆಗಳು ಈ ದೇಶದ ತುಂಬ ಇರುವಾಗ ಈ ಮನುಷ್ಯ ಕಾರಿನಲ್ಲಿ ಯಾಕೆ ಕೂರಬೇಕು? ಗಂಡ ಸುಮ್ಮನಿರು ಅಂದ. ನಾನು ಲಾಸ್ ಏಂಜಲೀಸಿನಿಂದ ಸ್ಯಾನ್ ಡಿಯೇಗೋವರೆಗೆ ಡ್ರೈವ್ ಮಾಡಿ, ಮಾವನನ್ನು ಅಲ್ಲಿನ ಹಳೆಯ ಚರ್ಚಿಗೆ ಕರೆದೊಯ್ದೆ. ಬಾಗಿಲಲ್ಲೇ ಬಗ್ಗಿ ಬೂಟಿನ ಪಟ್ಟಿ ಬಿಚ್ಚತೊಡಗಿದರು. ಇಲ್ಲಿ ಬಿಚ್ಚುವ ಪದ್ಧತಿಯಿಲ್ಲ, ಪದ್ಧತಿ ಮುರಿಯಬೇಡಿ ಅಂದೆ. ಪದ್ಧತಿ ಅಂದರೆ ಮಾವನ ಬಾಯಿ ಕಟ್ಟುತ್ತದೆ. ಒಳಗೆ ಬೆಂಚಿನ ತುದಿಯಲ್ಲಿ ಕೂತು ಶಿಲುಬೆಯ ಮೇಲಿನ ಮೂರ್ತಿಯನ್ನೇ ನೋಡಿದರು.

"ಯವ್ವಾ, ಇವನ ಕಾಲಾಗೂ ಗಾಯ ಐತಿ" ಅಂದರು. ಕಣ್ಣು ತುಂಬಿತ್ತು. ನಾನೂ ಅತ್ತುಬಿಟ್ಟೆ.

ಆಮೇಲೆ ಎಲ್ ಸೆಗುಂಡೋದ ನನ್ನ ಆಫೀಸಿನ ಯಹೂದಿ ಗೆಳತಿ ತಮ್ಮ ಪ್ರಾರ್ಥನಾ ಮಂದಿರಕ್ಕೆ ಕರೆದಳು. ಅಲ್ಲಿ ತಲೆ ಮುಚ್ಚುವುದು ಪದ್ಧತಿಯೆಂದು ಮಾವನಿಗೆ ಪುಟ್ಟ ಟೋಪಿಯೊಂದನ್ನು ಕೊಟ್ಟರು. ಮೇಲೆ ಟೋಪಿ, ಕೆಳಗೆ ಬೂಟು, ಮದುವೆ ಗಂಡಿನ ಗತ್ತು! ವಾಪಸ್ ಬರುವಾಗ ಫ್ರೀವೇ ಉದ್ದಕ್ಕೂ ಮಾವನದೇ ಮಾತು. ಮಸೀದಿಗೂ ಹೋಗೋಣವೆಂದು ಅವರೇ ಹೇಳಿದರು.

ಅಲ್ಲಿ ನನ್ನ ಜಾಣತನ ಕೈಕೊಟ್ಟಿತು. ಮಸೀದಿಯಲ್ಲೂ ಬೂಟು ಬಿಚ್ಚಬೇಕೆನ್ನುವುದನ್ನು ನಾನು ಯೋಚಿಸಿಯೇ ಇರಲಿಲ್ಲ. ಪೆಚ್ಚಾಗಿ ಬಾಗಿಲಲ್ಲಿ ನಿಂತಿದ್ದಾಗ, ನಮಾಜಿಗೆ ಬಂದಿದ್ದ ಹಿರಿಯರೊಬ್ಬರು ಏನೆಂದು ಕೇಳಿದರು. ವಿಷಯ ತಿಳಿದು ತಮ್ಮ ಪಾದ ತೋರಿಸಿದರು. ಅವರಿಗೂ ಅದೇ ಕಾಯಿಲೆ. ಹೊರಗಿನ ನೆಲ ಸೋಕದ ಚಪ್ಪಲಿಯೊಂದನ್ನು ಒಳಗೆ ಹಾಕಿಕೊಳ್ಳಲೆಂದೇ ಇಟ್ಟಿದ್ದಾರಂತೆ, ಇಮಾಮರೇ ಹಾಗೆ ಹೇಳಿದ್ದಂತೆ. ಮಾವ ಆ ಚಪ್ಪಲಿಯನ್ನು ಬಹಳ ಹೊತ್ತು ನೋಡಿದರು. ಅಂದು ಹೊಸ್ತಿಲ ಹೊರಗೇ ಕುರ್ಚಿ ಹಾಕಿಸಿಕೊಂಡು ನಮಾಜು ಮುಗಿಯುವ ತನಕ ಕೂತಿದ್ದರು. ಮನೆಗೆ ಬರುವ ದಾರಿಯಲ್ಲಿ ಅಂಗಡಿಯ ಮುಂದೆ ಕಾರು ನಿಲ್ಲಿಸಲು ಹೇಳಿ, ಗುಡಿಯೊಳಗೆ ಹಾಕಲೆಂದೇ ಹೊಸ ಚಪ್ಪಲಿ ಜೋಡೊಂದನ್ನು ತಾವೇ ಆರಿಸಿದರು.

ಮುಂದಿನ ಶನಿವಾರ ಮಾವ ಕಾರಿನಿಂದ ಇಳಿದರು. ಗುಡಿಯ ಬಾಗಿಲ ಬಳಿ ಕೂತು ಬೂಟು ಬಿಚ್ಚಿ ಹೊಸದನ್ನು ಹಾಕಿಕೊಂಡರು. ಯಾರೋ ಓಡಿಬಂದು, ಅಂಕಲ್, ಚಪ್ಪಲಿ ಹಾಕಿಕೊಂಡು ಒಳಗೆ ಹೋಗುವಂತಿಲ್ಲ ಅಂದರು. ನಾನು ಸೆರಗು ಸಿಕ್ಕಿಸಿ ಜಗಳಕ್ಕೆ ಸಿದ್ಧಳಾದೆ. ಮಾವ ನನ್ನ ಕೈ ಹಿಡಿದು ತಡೆದರು.

"ನನ್ನ ಕಾಲಿಂದು ನಾ ದೇವರ ಕೂಡ ಮಾತಾಡ್ಕೋತೀನ್ರಿ" ಅಂದರು. "ನೀವು ದಾರಿ ಬಿಡ್ರಿ."